ಅಕಾಂತಮೀಬಾ ಸೋಂಕಿಗೆ ಕಾರ್ನಿಯಾ ಕಸಿ

ಅಕಾಂತಮೀಬಾ ಎಂಬ ಏಕಕೋಶ ಜೀವಿಯ ಸೋಂಕಿನಿಂದ ಕೆಟ್ಟ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು, ತೆಗೆದು ದಾನಿಯ ಕಾರ್ನಿಯಾ ಕೂರಿಸುವ ಶಸ್ತ್ರಚಿಕಿತ್ಸೆ. ಈ ಅಮೀಬಾ ಮಣ್ಣು, ಕೆರೆ, ನಲ್ಲಿನೀರುಗಳಲ್ಲಿ ಸ್ವತಂತ್ರವಾಗಿ ಬದುಕುತ್ತದೆ. ಕಣ್ಣಿನ ಸೋಂಕಿಗೆ ಇದು ಕಾರಣವೆಂದು ವರದಿಯಾದದ್ದು 1970ರ ದಶಕದಲ್ಲಿ. ಪಾಶ್ಚಾತ್ಯ ದೇಶಗಳ ರೋಗಿಗಳಲ್ಲಿ ಬಹುಪಾಲು ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು. ಭಾರತದಲ್ಲಿ ಕಣ್ಣಿಗೆ ಮಣ್ಣು, ಕೊಳೆನೀರು ಬಿದ್ದವರೇ ಹೆಚ್ಚು.

ತೀವ್ರ ನೋವು, ಬೆಳಕು ಸಹಿಸಲಾಗದಿರುವಿಕೆ, ಮುಂದುವರಿದ ಹಂತದಲ್ಲಿ ಉಂಗುರಾಕಾರದ ಬಿಳಿ ಕಲೆ ಮುಖ್ಯ ಲಕ್ಷಣಗಳು. ಆರಂಭದಲ್ಲಿ ಇದನ್ನು ಹರ್ಪಿಸ್ ಸೋಂಕೆಂದು ಭಾವಿಸಿ ಚಿಕಿತ್ಸೆ ತಡವಾಗುವುದುಂಟು. ಪ್ರತಿಕೂಲ ಸ್ಥಿತಿಯಲ್ಲಿ ಅಮೀಬಾ ಎರಡು ಗೋಡೆಗಳ ಕವಚದೊಳಗೆ ಸುಪ್ತವಾಗುವುದರಿಂದ ಪಿಎಚ್‌ಎಂಬಿ, ಕ್ಲೋರ್‌ಹೆಕ್ಸಿಡಿನ್ ಎಂಬ ಅಮೀಬಾನಾಶಕ ಹನಿಗಳನ್ನು ತಿಂಗಳುಗಟ್ಟಲೆ ಹಾಕಬೇಕಾಗುತ್ತದೆ.

ಕಸಿಯಲ್ಲಿ ಎರಡು ಬಗೆ. ಔಷಧಕ್ಕೆ ಜಗ್ಗದೆ ಕಾರ್ನಿಯಾ ತೂತಾದಾಗ ಅಥವಾ ಆ ಹಂತ ತಲುಪಿದಾಗ ಕಣ್ಣುಗುಡ್ಡೆ ಉಳಿಸಲು ಮಾಡುವುದು ಚಿಕಿತ್ಸಕ ಕಸಿ. ಸೋಂಕು ಪೂರ್ಣ ಶಮನವಾದ ಮೇಲೆ ಉಳಿದ ಕಲೆ ನಿವಾರಿಸಿ ದೃಷ್ಟಿ ತರಲು ಮಾಡುವುದು ದೃಷ್ಟಿಕಸಿ. ಎರಡನೆಯದರ ಫಲಿತಾಂಶ ಗಣನೀಯವಾಗಿ ಉತ್ತಮ. ಸೋಂಕಿತ ಭಾಗವನ್ನು ಸುತ್ತಲಿನ ಆರೋಗ್ಯಕರ ಅಂಚಿನ ಸಮೇತ ವೃತ್ತಾಕಾರವಾಗಿ ಕತ್ತರಿಸಿ, ತುಸು ದೊಡ್ಡದಾದ ದಾನಿ ತುಣುಕನ್ನು ಕೂದಲಿಗಿಂತ ತೆಳುವಾದ ನೈಲಾನ್ ಎಳೆಯಿಂದ ಹೊಲಿಯಲಾಗುತ್ತದೆ. ಒಳಪದರ ಸುಸ್ಥಿತಿಯಲ್ಲಿದ್ದರೆ ಮೇಲಿನ ಪದರಗಳನ್ನಷ್ಟೇ ಬದಲಿಸಬಹುದು. ಅಂಚಿನಲ್ಲಿ ಉಳಿದ ಅಮೀಬಾಗಳಿಂದ ಸೋಂಕು ಮರುಕಳಿಸುವುದು, ಕಸಿ ತಿರಸ್ಕಾರ, ಗ್ಲಾಕೋಮಾ ಪ್ರಮುಖ ತೊಡಕುಗಳು. ಆದ್ದರಿಂದ ಅಮೀಬಾನಾಶಕ ಹನಿಗಳನ್ನು ಕಸಿಯ ನಂತರವೂ ಮುಂದುವರಿಸಲಾಗುತ್ತದೆ.

ಮಾನವರಲ್ಲಿ ಪೂರ್ಣದಪ್ಪದ ಕಾರ್ನಿಯಾ ಕಸಿಯನ್ನು ಮೊದಲು ಯಶಸ್ವಿಯಾಗಿ ನಡೆಸಿದವನು ನೇತ್ರವೈದ್ಯ ಎಡುವಾರ್ಡ್ ಜಿರ್ಮ್ (1905, ಓಲೋಮೌಟ್ಸ್). ಆದರೆ ಅವನ ರೋಗಿಯ ಕಣ್ಣು ಕೆಟ್ಟಿದ್ದುದು ಈ ಸೋಂಕಿನಿಂದಲ್ಲ, ಸುಣ್ಣದಿಂದ.