ಏಕವಚನದವರ ಇಂಗ್ಲಿಷ್ ಪಾಠ

ವ್ಯಾಕರಣದ ಪುಸ್ತಕದಲ್ಲಿ ಏಕವಚನ ಅಂದರೆ ಒಂದು, ಬಹುವಚನ ಅಂದರೆ ಒಂದಕ್ಕಿಂತ ಹೆಚ್ಚು. ಊರಲ್ಲಿ ಲೆಕ್ಕ ಬೇರೆ. ತಲೆ ನರೆತ ನಮ್ಮ ತಾತನನ್ನು ಗೌಡರ ಮನೆಯ ಹುಡುಗ 'ಏನೋ, ಬಾರೋ' ಅಂದದ್ದನ್ನೂ, ತಾತ ಆ ಹುಡುಗನಿಗೆ 'ಬನ್ನಿ ಸ್ವಾಮಿ' ಅಂದದ್ದನ್ನೂ ಕೇಳಿಯೇ ಬೆಳೆದವರು ನಾವು. ಇಂಥ ವ್ಯಾಕರಣದೊಳಗಿಂದ ನಮ್ಮ ಮಕ್ಕಳು ಇಂಗ್ಲಿಷಿಗೆ ಹೋಗ್ತಾರೆ ಅನ್ನೋದನ್ನು ಪಾಠ ಮಾಡುವವರು ಮರೀತಾರೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷ್. ತೆಲುಗಿನಲ್ಲಿ ಗಂಡಸು ಬಂದರೆ 'ವಾಡು ವಚ್ಚಾಡು'. ಹೆಂಗಸು ಬಂದರೆ 'ಅದಿ ವಚ್ಚಿಂದಿ', ಎಮ್ಮೆ ಬಂದರೂ 'ಅದಿ ವಚ್ಚಿಂದಿ'. ಮರ್ಯಾದಸ್ಥ ಹೆಂಗಸಿಗೆ ಬೇರೆ ಮಾತಿದೆ. ಕೂಲಿಗೆ ಹೋಗುವ ನಮ್ಮವ್ವನಿಗೆ ಇದೇ. ಹೀಗೆ ಬೆಳೆದ ಮಗು 'ಶಿ'ಗೂ 'ಇಟ್'ಗೂ ತಡವರಿಸಿದರೆ ಅದು ದಡ್ಡತನವಲ್ಲ. 'ನಮ್ಮಪ್ಪ ಕೂಲಿ' ಅಂದರೆ ಕನ್ನಡದಲ್ಲಿ ಮಾತು ಮುಗೀತು, ತೆಲುಗಿನಲ್ಲೂ ಮುಗೀತು. ಇಂಗ್ಲಿಷು ನಡುವೆ ಒಂದು 'ಈಸ್' ಕೇಳುತ್ತೆ. ಮಗು ಅದನ್ನು ಬಿಟ್ಟರೆ ಮನೆಯ ವ್ಯಾಕರಣವನ್ನು ಸರಿಯಾಗೇ ಹಚ್ಚಿದೆ ಅಂತ ಅರ್ಥ.

ಇನ್ನು 'ಯು'. ಎದುರಿಗೆ ಒಬ್ಬನೇ ಇದ್ದರೂ 'ಯು ಆರ್' ಯಾಕೆ? ಕೇಳಿದ ಹುಡುಗನಿಗೆ 'ರೂಲ್ಸು ಕಣೋ, ಬಾಯಿಪಾಠ ಮಾಡು' ಅನ್ನುವ ಬದಲು ಚರಿತ್ರೆ ಹೇಳಬೇಕು. ಇಂಗ್ಲಿಷಿನವರಿಗೂ ಒಂದು ಕಾಲಕ್ಕೆ 'ನೀನು' ಇತ್ತು, ಅದು 'ದೌ'. 'ಯು' ಅವರ 'ನೀವು'. ಆಳಿಗೆ ದೌ, ಒಡೆಯನಿಗೆ ಯು. 17ನೇ ಶತಮಾನದಲ್ಲಿ ಕ್ವೇಕರ್ ಪಂಥದವರು ದೇವರ ಮುಂದೆ ಎಲ್ಲರೂ ಒಂದೇ ಎಂದು ನ್ಯಾಯಾಧೀಶರಿಗೂ ದೌ ಅಂದು ಒದೆ ತಿಂದರು, ಸೆರೆಮನೆ ಕಂಡರು. ಕಾಲ ಸರಿದಂತೆ ಬಳಕೆಯ ಮಾತಿನಿಂದ ದೌ ಬಿದ್ದುಹೋಗಿ ಯು ಉಳಿಯಿತು, ತನ್ನ ಬಹುವಚನದ 'ಆರ್' ಸಮೇತ. ಇದರಿಂದ ಇಂಗ್ಲಿಷಿನವರು ಸಮಾನತೆ ಕಂಡರು ಅಂತೇನೂ ಅಲ್ಲ. ಅದೇ ಯು ಬಾಯಲ್ಲಿಟ್ಟುಕೊಂಡು ದೇಶ ದೇಶಗಳನ್ನು ದೋಚಿದರು. ಆದರೂ ಗೌಡರಿಗೂ ಅವರ ಆಳಿಗೂ ಒಂದೇ ಮಾತು ಸಾಕು ಅನ್ನೋದನ್ನು ನಮ್ಮ ಹುಡುಗಿ ಮೊದಲ ಸಲ ಬಾಯಿಬಿಟ್ಟು ಹೇಳೋದು ಈ ಪಾಠದಲ್ಲಿ.

ಪಾಠ ನಮ್ಮವರೆಗೆ ಬರಲು ಬಿಟ್ಟರೇ? 1835ರಲ್ಲಿ ಮೆಕಾಲೆಗೆ ಬೇಕಾಗಿದ್ದು ಆಳುವವರಿಗೂ ಜನಕ್ಕೂ ನಡುವೆ ದುಭಾಷಿಗಳ ಒಂದು ವರ್ಗ. ಆ ವರ್ಗ ಯಾವ ಬೀದಿಯಿಂದ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ. 1854ರಲ್ಲಿ ಸಾವಿತ್ರಿಬಾಯಿ ಫುಲೆ ತಮ್ಮ 'ಕಾವ್ಯಫುಲೆ'ಯಲ್ಲಿ ಶೂದ್ರಾತಿಶೂದ್ರರಿಗೆ ಇಂಗ್ಲಿಷ್ ಕಲಿಯಿರಿ ಎಂದರು. ಎರಡೇ ವರ್ಷಕ್ಕೆ, 1856ರಲ್ಲಿ, ನಮ್ಮ ಧಾರವಾಡದಲ್ಲಿ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಲು ಹೋದ. ಸೇರಿಸಲಿಲ್ಲ. ಅರ್ಜಿ ಬೊಂಬಾಯಿ ಸರ್ಕಾರದ ತನಕ ಹೋಯಿತು. ಒಬ್ಬನ ಸಲುವಾಗಿ ಉಳಿದವರಿಗೆಲ್ಲ ಶಾಲೆ ಇಲ್ಲದಂತಾದೀತು ಅಂತ ಸರ್ಕಾರ ಕೈಚೆಲ್ಲಿತು.

ನಮ್ಮ ಸೀಮೆಯಲ್ಲಿ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದಲ್ಲಿ ಓದಿ 1881ರಲ್ಲಿ ಬೆಂಗಳೂರಿನಲ್ಲಿ ಬಿ.ಎ. ಮುಗಿಸಿದರು. 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಮನೆಯ ಹುಡುಗ ಎಚ್. ನರಸಿಂಹಯ್ಯ ಹೈಸ್ಕೂಲಿಗಾಗಿ ಬೆಂಗಳೂರಿಗೆ ನಡೆದೇ ಹೋದರು. ನಮ್ಮ ಮನೆಗಳಿಗೆ ಮೊದಲ ಬಿ.ಎ. ಬಂದದ್ದು ನಮ್ಮ ತಲೆಮಾರಿನಲ್ಲಿ. ಸರ್ಕಾರಿ ಶಾಲೆಯಲ್ಲಿ ಬಹುಕಾಲ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ತರಗತಿಗೆ. ಅಷ್ಟು ಹೊತ್ತಿಗೆ ಶಿಡ್ಲಘಟ್ಟದ ಎಷ್ಟೋ ಮಕ್ಕಳು ರೇಷ್ಮೆ ಬಿಚ್ಚಾಣಿಕೆಯ ಬಿಸಿನೀರಿನಲ್ಲಿ ಕೈ ಅದ್ದಿಯಾಗಿತ್ತು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಾಗ ಅವರ ಮಂತ್ರಿಪದವಿ ಹೋಯಿತು, ಏಟು ಬಿದ್ದದ್ದು ದಲಿತ ವಿದ್ಯಾರ್ಥಿಗಳ ಮೈಮೇಲೆ. ಒಂದನೇ ತರಗತಿಗೆ ಇಂಗ್ಲಿಷ್ ಬಂದದ್ದು 2007ರಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆಯಾದ ವರ್ಷವೇ.

ಪದ ಕಲಿಸೋದಕ್ಕೆ 'ಎ ಫಾರ್ ಆಪಲ್' ಯಾಕೆ ಬೇಕು? ಲಾಟು, ರೀಲರ್, ಫಿಲೇಚರ್, ಬೋರ್‌ವೆಲ್, ಸ್ಟಾರ್ಟರ್, ಡ್ರಿಪ್: ಇವೆಲ್ಲ ನಮ್ಮ ಮಕ್ಕಳ ಬಾಯಲ್ಲಾಗಲೇ ಇವೆ. ಬರೆಸಿದರೆ ಸಾಕು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಬೆಂಗಳೂರು, ಮದ್ರಾಸು ಕಡೆಯ ಕೆಲವು ಶಾಲೆಗಳಲ್ಲಿ ರೂಲ್ಸು ಬಾಯಿಪಾಠ ಬಿಡಿಸಿ, ರೈಲಿನ ಟೈಮ್‌ಟೇಬಲ್ಲು, ನಕ್ಷೆ ಕೊಟ್ಟು ಮಕ್ಕಳ ಕೈಲಿ ಲೆಕ್ಕ ಬಿಡಿಸುತ್ತಾ ಇಂಗ್ಲಿಷ್ ಕಲಿಸಿ ನೋಡಿದರು. ನಮಗೆ ಚಿಂತಾಮಣಿ ಬಸ್‌ಸ್ಟ್ಯಾಂಡಿನ ಬೋರ್ಡು ಇದೆ, ಗೂಡಿನ ಮಾರುಕಟ್ಟೆಯ ತೂಕದ ಚೀಟಿ ಇದೆ.

ಹೈಸ್ಕೂಲಿಗೆ ಬಂದರೆ ಪ್ಯಾಸಿವ್ ವಾಯ್ಸು, ಕರ್ಮಣಿ ಪ್ರಯೋಗ. 'ಕೊಲ್ಲಲ್ಪಟ್ಟನು' ಅಂತ ನಮ್ಮ ಕೇರಿಯಲ್ಲಿ ಯಾರೂ ಆಡಲ್ಲ. ಪೊಲೀಸು, ಕೋರ್ಟು, ಪೇಪರಿನ ಇಂಗ್ಲಿಷು ಆಡೋದೇ ಹಾಗೆ. ಮಾಡಿದವರು ಗೊತ್ತಿಲ್ಲದಿದ್ದರೆ 'ಬೈ' ಬಿಡಬಹುದು ಅಂತ ರೂಲ್ಸಿದೆ. 2000ನೇ ಇಸವಿ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಹೇಳಿಕೆ ಬದಲಿಸಿದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಪ್ಯಾಸಿವ್ ಪಾಠದ ದಿನ ಮೇಷ್ಟ್ರು ಬೋರ್ಡಿನ ಮೇಲೆ ಬರೆಯಲಿ: 'ಸೆವೆನ್ ದಲಿತ್ಸ್ ವರ್ ಬರ್ನ್ಟ್ ಅಲೈವ್ ಇನ್ ಕಂಬಾಲಪಲ್ಲಿ.' ಇದನ್ನು ಆಕ್ಟಿವ್ ವಾಯ್ಸಿಗೆ ತಿರುಗಿಸಿ ಅನ್ನಲಿ. ಕರ್ತೃ ಯಾರು ಸಾರ್ ಅಂತ ಮಕ್ಕಳು ಕೇಳ್ತಾರೆ.