ಶರದಂತ್ಯದ ಭಾವ ಮತ್ತು ಆಶೀರ್ವಚನ: ಒಂದು ಋತುಸಂಧಿಯ ಕಾವ್ಯಚರಿತ್ರೆ

ಋತುಗಳನ್ನು ಆರೆಂದು ಎಣಿಸಿ, ಒಂದೊಂದಕ್ಕೆ ಎರಡೆರಡು ಮಾಸಗಳನ್ನು ಹಂಚಿಕೊಟ್ಟು ಪಂಚಾಂಗಕಾರರು ತೃಪ್ತರಾದರೂ, ಕವಿಗಳಿಗೆ ಆ ಗಣಿತವು ಎಂದೂ ಸಾಕೆನಿಸಿದಂತೆ ಕಾಣುವುದಿಲ್ಲ. ಕ್ರಿ.ಶ. 900ರ ಆಸುಪಾಸಿನಲ್ಲಿದ್ದ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯ ಕಾಲವಿಭಾಗವೆಂಬ ಅಧ್ಯಾಯದಲ್ಲಿ ಪ್ರತಿಯೊಂದು ಋತುವಿಗೂ ಸಂಧಿ, ಶೈಶವ, ಪ್ರೌಢಿ, ಅನುವೃತ್ತಿ ಎಂಬ ನಾಲ್ಕು ಅವಸ್ಥೆಗಳುಂಟೆಂದು ಹೇಳಿ, ಕಳೆದುಹೋದ ಋತುವಿನ ಹೂವು ಮೊದಲಾದ ಚಿಹ್ನೆಗಳು ಬಂದ ಋತುವಿನಲ್ಲಿಯೂ ಕೆಲಕಾಲ ಉಳಿದು ನಡೆಯುವುದನ್ನು ಕವಿಯಾದವನು ಗಮನಿಸಿ ನಿಬಂಧಿಸಬೇಕೆಂದು ವಿಧಿಸಿದ್ದಾನೆ. ಆಶ್ವಯುಜ ಕಾರ್ತಿಕಗಳ ಶರತ್ತು ಕೊನೆಗಂಡು, ಮಾರ್ಗಶಿರ ಪುಷ್ಯಗಳ ಹೇಮಂತವು ಇನ್ನೂ ನೆಲೆಯೂರದಿರುವ ಕಾಲವು ಇಂಥ ಸಂಧಿಗಳಲ್ಲೆಲ್ಲ ವಿಶಿಷ್ಟವಾದುದು. ಆಗ ಬತ್ತದ ತೆನೆ ಹಣ್ಣಾಗಿರುತ್ತದೆ, ತಾವರೆ ಬಾಡಿರುತ್ತದೆ. ಕಣಜಕ್ಕೆ ತುಂಬುವ ಕಾಲವೂ ನೀರಿಗೆ ಅಂಜುವ ಕಾಲವೂ ಏಕಕಾಲದಲ್ಲಿ ಒದಗುತ್ತವೆ. ಈ ಸಂಧಿಯ ವರ್ಣನೆಯು ನಮ್ಮ ಪರಂಪರೆಯಲ್ಲಿ ಕ್ಷಯದ ಶೋಕಗೀತವಾಗದೆ, ಮೊದಲಿನಿಂದಲೂ ಆಶೀರ್ವಚನದ ರೂಪವನ್ನೇ ತಳೆದು ಬಂದಿದೆಯೆಂಬುದನ್ನೂ, ಆ ಆಶೀರ್ವಚನವು ಅರಮನೆಯ ಕಾವ್ಯದಲ್ಲಿ ಕ್ರಮೇಣ ಇಕ್ಕಟ್ಟಾಗಿ ಹೊಲದ ಹಾಡಿನಲ್ಲಿ ವಿಶಾಲವಾಗಿಯೇ ಉಳಿಯಿತೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

ಋಗ್ವೇದದ ಋಷಿಗಳು ದೀರ್ಘಾಯುಷ್ಯವನ್ನು ಬೇಡುವಾಗ ವರ್ಷಗಳನ್ನು ಲೆಕ್ಕಹಾಕಿದ್ದು ಬಹುಮಟ್ಟಿಗೆ ಈ ಎರಡು ಋತುಗಳಿಂದಲೇ. ಎರಡನೆಯ ಮಂಡಲದ ರುದ್ರಸೂಕ್ತದಲ್ಲಿ ನೂರು ಹಿಮಕಾಲಗಳನ್ನು ಬಾಳುವ ಬಯಕೆಯಿದ್ದರೆ, ಏಳನೆಯ ಮಂಡಲದ ಸೂರ್ಯಪ್ರಾರ್ಥನೆಯಲ್ಲಿ ನೂರು ಶರತ್ತುಗಳನ್ನು ಕಣ್ಣಾರೆ ಕಾಣುವ ಬಯಕೆಯಿದೆ; ಹತ್ತನೆಯ ಮಂಡಲದಲ್ಲಿ ರೋಗಿಯನ್ನು ಮೃತ್ಯುವಿನ ಬಾಯಿಂದ ಬಿಡಿಸಿ ತರುವ ಸೂಕ್ತವೊಂದು ಶರತ್ತು, ಹೇಮಂತ, ವಸಂತ ಮೂರನ್ನೂ ನೂರುನೂರಾಗಿ ಹರಸುತ್ತದೆ. ಬದುಕು ಒಂದು ವರ್ಷ ಮುಂದುವರಿಯಿತೆಂಬುದಕ್ಕೆ ಸಾಕ್ಷಿಯಾಗಿ ಚಳಿಯನ್ನು ದಾಟಿ ಬಂದುದನ್ನೋ ಬೆಳೆಯನ್ನು ಕಂಡುದನ್ನೋ ಹಿಡಿದ ಜನರ ಎಣಿಕೆಯಿದು. ಪುರುಷಸೂಕ್ತದಲ್ಲಿ ದೇವತೆಗಳು ಮಾಡಿದ ಆದಿಯಜ್ಞಕ್ಕೆ ವಸಂತವು ಆಜ್ಯವೂ ಗ್ರೀಷ್ಮವು ಸಮಿತ್ತೂ ಆದಾಗ ಶರತ್ತೇ ಹವಿಸ್ಸಾಯಿತೆಂದು ಹೇಳಿರುವುದನ್ನು ಇದರೊಡನೆ ಸೇರಿಸಿ ನೋಡಬೇಕು. ಶ್ರೌತವಿಧಿಯಲ್ಲಿಯೂ ಶರತ್ಕಾಲದ ಹೊಸ ಬತ್ತವನ್ನು ಆಗ್ರಯಣೇಷ್ಟಿಯಲ್ಲಿ ದೇವತೆಗಳಿಗೆ ಅರ್ಪಿಸದೆ ಗೃಹಸ್ಥನು ಉಣ್ಣುವಂತಿಲ್ಲ. ಕೊಟ್ಟು ಉಣ್ಣುವುದು, ಉಂಡು ಹರಸುವುದು ಎಂಬ ಕ್ರಮವು ಹೀಗೆ ಕಾವ್ಯಕ್ಕೆ ಮುಂಚೆಯೇ ಸಿದ್ಧವಾಗಿತ್ತು.

ಈ ಕ್ರಮವನ್ನು ಕಾವ್ಯವನ್ನಾಗಿ ಮಾಡಿದವನು ವಾಲ್ಮೀಕಿ. ಕಿಷ್ಕಿಂಧಾಕಾಂಡದ ಶರದ್ವರ್ಣನೆಯನ್ನು ಪ್ರಶಂಸಿಸುವವರು ಅನೇಕರಿದ್ದಾರೆ. ಆದರೆ ಅರಣ್ಯಕಾಂಡದ ಹದಿನಾರನೆಯ ಸರ್ಗವು, ನನ್ನ ಮತದಲ್ಲಿ, ಅದಕ್ಕಿಂತಲೂ ಆಳವಾದ ರಚನೆ. ಶರತ್ತು ಮುಗಿದು ಹೇಮಂತವು ಕಾಲಿಟ್ಟ ಒಂದು ಪ್ರಾತಃಕಾಲ, ಪಂಚವಟಿಯಿಂದ ಗೋದಾವರಿಗೆ ಸ್ನಾನಕ್ಕೆ ನಡೆಯುವ ರಾಮನ ಹಿಂದೆ ಸೀತೆಯೊಡನೆ ಕಲಶವನ್ನು ಹಿಡಿದು ಹೋಗುವ ಲಕ್ಷ್ಮಣನು, ಅಣ್ಣನಿಗೆ ಪ್ರಿಯವಾದ ಕಾಲವು ಬಂದಿತೆಂದು ಮಾತನ್ನು ತೆಗೆಯುತ್ತಾನೆ. ನೀರು ಅಪ್ರಿಯವಾಗಿ ಬೆಂಕಿ ಹಿತವಾದುದನ್ನೂ, ಸಜ್ಜನರು ನವಧಾನ್ಯದಿಂದ ಪಿತೃಗಳನ್ನೂ ದೇವತೆಗಳನ್ನೂ ಅರ್ಚಿಸಿ ಶುದ್ಧರಾದುದನ್ನೂ, ಖರ್ಜೂರದ ಹೂವಿನ ಬಣ್ಣದ ತೆನೆಗಳ ಭಾರಕ್ಕೆ ಬತ್ತದ ಪೈರು ತುಸುವೇ ಬಾಗಿರುವುದನ್ನೂ ಹೇಳಿ, ಒಡನೆಯೇ ಬಾಯಾರಿದ ಕಾಡಾನೆಯು ನೀರನ್ನು ಮುಟ್ಟಿ ಸೊಂಡಿಲನ್ನು ಹಿಂದಕ್ಕೆ ಸೆಳೆದುಕೊಳ್ಳುವುದನ್ನೂ, ದಡದಲ್ಲಿ ಕುಳಿತ ನೀರುಹಕ್ಕಿಗಳು ನೀರಿಗಿಳಿಯಲು ಹಿಂಜರಿಯುವುದನ್ನೂ, ಮಂಜು ಮುಚ್ಚಿದ ನದಿಯಲ್ಲಿ ಸಾರಸಗಳ ಇರವು ಕೇವಲ ಕೂಗಿನಿಂದ ತಿಳಿಯುವುದನ್ನೂ, ಕೊಳದಲ್ಲಿ ತಾವರೆಯ ನಾಳಮಾತ್ರ ಉಳಿದುದನ್ನೂ ಕಾಣಿಸುತ್ತಾನೆ. ಉಸಿರು ತಾಗಿ ಮಸುಳಿದ ಕನ್ನಡಿಯಂತೆ ಚಂದ್ರನು ಹೊಳೆಯದಾದನೆಂಬ ಇಲ್ಲಿಯ ಉಕ್ತಿಯನ್ನು ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಧ್ವನಿಯ ಪ್ರಭೇದವೊಂದಕ್ಕೆ ಉದಾಹರಣೆಯಾಗಿ ಎತ್ತಿಕೊಂಡದ್ದು ಯೋಗ್ಯವೇ ಆಗಿದೆ.

ಆದರೆ ಸರ್ಗದ ಹೃದಯವಿರುವುದು ಇದಕ್ಕೂ ಮುಂದೆ. ಚಳಿಯ ಮಾತನ್ನಾಡುತ್ತಾಡುತ್ತ ಲಕ್ಷ್ಮಣನ ಮನಸ್ಸು ಅಯೋಧ್ಯೆಗೆ ಹರಿಯುತ್ತದೆ: ರಾಜ್ಯವನ್ನೂ ಭೋಗವನ್ನೂ ತೊರೆದು ತಣ್ಣೆಲದ ಮೇಲೆ ಮಲಗುವ ಭರತನು ಇದೇ ಹೊತ್ತಿನಲ್ಲಿ ಸರಯುವಿಗೆ ಹೋಗುತ್ತಿರಬೇಕು, ಸುಕುಮಾರನಾದ ಅವನು ಆ ನೀರಿನಲ್ಲಿ ಹೇಗೆ ಇಳಿದಾನು ಎಂದು ಕನಿಕರಿಸಿ, ಅಂಥ ಮಗನ ತಾಯಿ ಅಂಥ ಕ್ರೂರೆಯಾದುದು ಹೇಗೆಂದು ಕೈಕೇಯಿಯನ್ನು ಹಳಿಯುತ್ತಾನೆ. ರಾಮನಾದರೋ ತಾಯಿಯ ನಿಂದೆಯನ್ನು ತಡೆದು, ಭರತನ ಮಾತನ್ನೇ ಆಡೆಂದು ತಮ್ಮನನ್ನು ಬೇಡುತ್ತಾನೆ. ಗೋದಾವರಿಯ ಚಳಿಯೇ ಸರಯುವಿನ ಚಳಿಯನ್ನು ನೆನಪಿಗೆ ತಂದು, ದೂರದಲ್ಲಿರುವವನನ್ನು ಹತ್ತಿರಕ್ಕೆ ಕರೆಯಿತು. ಋತುವರ್ಣನೆಯು ಅಗಲಿದ ಬಂಧುವಿನ ಕ್ಷೇಮಚಿಂತನೆಯಾಗಿ ಪರಿಣಮಿಸಿತು. ಬಳಿಕ ಮೂವರೂ ಮಿಂದು ಪಿತೃದೇವತೆಗಳಿಗೆ ತರ್ಪಣವನ್ನು ಕೊಡುತ್ತಾರೆ. ಮರುಸರ್ಗದಲ್ಲಿಯೇ ಶೂರ್ಪಣಖಿಯು ಆಶ್ರಮಕ್ಕೆ ಬರುವಳೆಂಬುದನ್ನು ಬಲ್ಲ ಓದುಗನಿಗೆ, ಮೂವರೂ ಕೂಡಿ ನಿಶ್ಚಿಂತರಾಗಿದ್ದ ಕೊನೆಯ ಬೆಳಗಾಗಿ ಈ ಹೇಮಂತವು ತೋರುತ್ತದೆ. ತುಂಬಿದ ಹೊಲ, ಕೊರೆಯುವ ಚಳಿ, ನೆನಪು, ತರ್ಪಣ ಇವೆಲ್ಲ ಒಂದರೊಳಗೊಂದು ಬೆರೆತ ಈ ಭಾವವನ್ನು ಮುಂದಿನ ಮಹಾಕವಿಗಳಲ್ಲಿ ಯಾರೂ ಇಷ್ಟು ಪೂರ್ಣವಾಗಿ ಮರಳಿ ಪಡೆಯಲಿಲ್ಲವೆಂದೇ ನಾನು ತಿಳಿದಿದ್ದೇನೆ.

ಕಾಳಿದಾಸನಲ್ಲಿ ಇದೇ ಕಾಲವು ಆಶ್ವಾಸನೆಯ ರೂಪವನ್ನು ತಾಳುತ್ತದೆ. ‘ಮೇಘದೂತ’ವು ಮಳೆಗಾಲದ ಕಾವ್ಯವಾದರೂ ಅದರ ದೃಷ್ಟಿಯೆಲ್ಲ ನೆಟ್ಟಿರುವುದು ಶರದಂತ್ಯದ ಮೇಲೆ, ವಿಷ್ಣುವು ಶೇಷಶಯನದಿಂದೇಳುವ ಕಾರ್ತಿಕದಲ್ಲಿ ಯಕ್ಷನ ಶಾಪವು ಕೊನೆಗೊಳ್ಳುತ್ತದೆ, ಬಲಿತ ಬೆಳುದಿಂಗಳಿನ ಇರುಳುಗಳಲ್ಲಿ ಪುನರ್ಮಿಲನವು ಕಾದಿದೆ. ಕನ್ನಡನಾಡಿನ ಮನೆಗಳಲ್ಲಿ ಉತ್ಥಾನದ್ವಾದಶಿಯಂದು ತುಳಸಿಯ ಕಟ್ಟೆಗೆ ನೆಲ್ಲಿಯ ಕೊಂಬೆಯನ್ನು ನೆಟ್ಟು ವಿವಾಹವನ್ನು ನಡೆಸುವವರು ಆ ಯಕ್ಷನ ಬಿಡುಗಡೆಯ ಕಾಲವನ್ನೇ ಆಚರಿಸುತ್ತಿದ್ದಾರೆಂದು ನೆನೆಯುವುದು ರಸಿಕನಿಗೆ ಒಂದು ಸಂತೋಷ. ‘ರಘುವಂಶ’ದ ನಾಲ್ಕನೆಯ ಸರ್ಗದಲ್ಲಿ ಕಬ್ಬಿನ ನೆರಳಿನಲ್ಲಿ ಕುಳಿತು ಬತ್ತವನ್ನು ಕಾಯುವ ಹೆಂಗಸರು ರಘುವಿನ ಯಶಸ್ಸನ್ನು ಹಾಡುವರಷ್ಟೆ, ಬೆಳೆಯ ಸಮೃದ್ಧಿಯೇ ರಾಜನಿಗೆ ಪ್ರಜೆಗಳ ಹರಕೆಯಾಗುವ ಬಗೆಯಿದು.

ಅವನದೆಂದು ಪ್ರಸಿದ್ಧವಾದ ‘ಋತುಸಂಹಾರ’ದ ಮಾತು ಬೇರೆ. 1792ರಲ್ಲಿ ಕಲ್ಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸನು ಇದನ್ನು ಬಂಗಾಳೀ ಲಿಪಿಯಲ್ಲಿ ಅಚ್ಚುಹಾಕಿಸಿದುದರಿಂದ, ಮುದ್ರಣವನ್ನು ಕಂಡ ಮೊದಲ ಸಂಸ್ಕೃತ ಗ್ರಂಥವೆಂಬ ಕೀರ್ತಿ ಇದಕ್ಕಿದೆ. ಉಳಿದ ಮೂರು ಕಾವ್ಯಗಳಿಗೆ ವ್ಯಾಖ್ಯಾನವನ್ನು ಬರೆದ ಮಲ್ಲಿನಾಥನು ಇದೊಂದನ್ನು ಬಿಟ್ಟುದು ಕರ್ತೃತ್ವದ ವಿಷಯದಲ್ಲಿ ವಿದ್ವಾಂಸರಿಗೆ ಸಂಶಯವನ್ನು ಹುಟ್ಟಿಸಿದೆ. ಇಲ್ಲಿ ನಮಗೆ ಮುಖ್ಯವಾದುದು ಅದರ ಸರ್ಗಾಂತ್ಯಗಳ ರಚನೆ: ಆಯಾ ಋತುವು ಕೇಳುಗನಿಗೆ ಸುಖವನ್ನೂ ಇಷ್ಟಾರ್ಥವನ್ನೂ ಕೊಡಲೆಂಬ ಹರಕೆಯಲ್ಲಿ ಸರ್ಗವು ಮುಗಿಯುತ್ತದೆ. ಹೇಮಂತಸರ್ಗವು ಮಾಗಿದ ಬತ್ತ, ಅರಳಿದ ಲೋಧ್ರ, ಬಾಡಿದ ತಾವರೆಗಳಿಂದ ತೊಡಗಿ ಕ್ರೌಂಚಗಳ ದನಿ ತುಂಬಿದ ಊರಂಚಿನ ಗದ್ದೆಗಳಲ್ಲಿ ಮುಕ್ತಾಯವಾಗುವುದಾದರೂ, ನಡುವಿನ ಪದ್ಯಗಳಲ್ಲಿ ಬಹುಪಾಲು ಬಾಗಿಲಿಕ್ಕಿದ ಶಯನಗೃಹದವು. ಚಳಿಯು ಅಲ್ಲಿ ಆಲಿಂಗನಕ್ಕೆ ನೆಪವೇ ಹೊರತು ತಣ್ಣೆಲದ ಮೇಲೆ ಮಲಗಿದವನ ಅನುಭವವಲ್ಲ. ಹರಕೆಯ ರೂಪವು ಸಿದ್ಧಿಸಿತು, ಹರಸಿಕೊಳ್ಳುವವರ ಸಂಖ್ಯೆ ಕುಗ್ಗಿತು.

ಕರ್ಣಾಟಕಕ್ಕೆ ಈ ಪರಂಪರೆಯು ಬೇಗನೆ ಬಂದಿತು. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಕಾಳಿದಾಸ ಭಾರವಿಗಳ ಕೀರ್ತಿಗೆ ತಾನೂ ಭಾಗಿಯೆಂದು ಹೇಳಿಕೊಂಡಿದ್ದಾನೆ. ಭಾರವಿಯ ‘ಕಿರಾತಾರ್ಜುನೀಯ’ದ ನಾಲ್ಕನೆಯ ಸರ್ಗದ ಶರದ್ವರ್ಣನೆಯು ಮಾಗಿದ ಗದ್ದೆ, ದನಗಾಹಿಗಳ ಹಟ್ಟಿಗಳಿಂದ ತುಂಬಿದೆ, ಆ ಕಾವ್ಯದ ಹದಿನೈದನೆಯ ಸರ್ಗಕ್ಕೆ ಗಂಗರ ದುರ್ವಿನೀತನು ಟೀಕೆಯನ್ನು ಬರೆದನೆಂದು ತಾಮ್ರಶಾಸನಗಳು ಹೇಳುತ್ತವೆ. ದಂಡಿಯು ಮಹಾಕಾವ್ಯಕ್ಕೆ ವಿಧಿಸಿದ ವರ್ಣನೆಗಳಲ್ಲಿ ಋತುವೂ ಸೇರಿರುವುದರಿಂದ, ಅವನನ್ನು ಅನುಸರಿಸಿದ ‘ಕವಿರಾಜಮಾರ್ಗ’ದ ನಾಡಿನಲ್ಲಿ ಚಂಪೂಕವಿಗಳಿಗೆ ಶರತ್ತು ಕರ್ತವ್ಯವೇ ಆಯಿತು. ಆದರೆ ಇಲ್ಲೊಂದು ತೊಡಕಿದೆ. ಸಂಸ್ಕೃತಕವಿಯ ಶರತ್ತಿಗೆ ಮೇಘವಿಲ್ಲ. ಮೈಸೂರು ಸೀಮೆಯ ಒಕ್ಕಲಿಗನಿಗಾದರೋ ಆಶ್ವಯುಜವೆಂದರೆ ಹಿಂಗಾರು, ಚಿತ್ತೆ ಸ್ವಾತಿಗಳ ಮಳೆ. ಬಯಲುನಾಡಿನ ಎರೆಭೂಮಿಯಲ್ಲಿ ಆ ಮಳೆಯ ಹದಕ್ಕೆ ಬಿತ್ತಿದ ಬಿಳಿಜೋಳವು ಹೇಮಂತದ ಇಬ್ಬನಿಯಲ್ಲಿ ಬೆಳೆದು ಶಿಶಿರದಲ್ಲಿ ಕೊಯ್ಲಿಗೆ ಬರುತ್ತದೆ. ಶಾಸ್ತ್ರದ ಶರತ್ತಿಗೂ ನೆಲದ ಶರತ್ತಿಗೂ ಇರುವ ಈ ಅಂತರವೇ, ಪ್ರಾಯಶಃ, ನಮ್ಮ ಪ್ರೌಢಕವಿಗಳ ಒಲವನ್ನು ವಸಂತದ ಕಡೆಗೆ ತಿರುಗಿಸಿತು. 941ರಲ್ಲಿ ‘ವಿಕ್ರಮಾರ್ಜುನವಿಜಯ’ವನ್ನು ಮುಗಿಸಿದ ಪಂಪನಿಗೆ ಬನವಾಸಿಯು ನೆನಪಾಗುವುದು ತೆಂಕಣ ಗಾಳಿ ಸೋಂಕುವಾಗಲೇ ಹೊರತು ಇಬ್ಬನಿ ಬೀಳುವಾಗಲ್ಲ.

ಶರದಂತ್ಯದ ಕನ್ನಡ ಕಾವ್ಯವನ್ನು ಕಾಣಬೇಕಾದರೆ ಓಲೆಗರಿಯಿಂದ ಕಣ್ಣೆತ್ತಿ ಗದ್ದೆಯ ಬದುವಿಗೆ ಹೋಗಬೇಕು. ಸೀಗೆಹುಣ್ಣಿಮೆಯೆಂದೂ ಭೂಮಿಹುಣ್ಣಿಮೆಯೆಂದೂ ಕರೆಯುವ ಆಶ್ವಯುಜದ ಪೂರ್ಣಿಮೆಗೆ ಮಲೆನಾಡಿನಲ್ಲಿ ಪೈರು ಬಸಿರಾಗಿರುತ್ತದೆ. ರಾತ್ರಿಯೆಲ್ಲ ಬೇಯಿಸಿದ ಸೊಪ್ಪು ತರಕಾರಿಗಳ ಅಡಿಗೆಯನ್ನು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತೊಯ್ದು, ಬಸುರಿಗೆ ಬಯಕೆಯೂಟವನ್ನು ಬಡಿಸುವ ಹಾಗೆ ಭೂಮಿತಾಯಿಗೆ ಬಡಿಸುತ್ತಾರೆ. ದೀಪಾವಳಿಯ ಇರುಳುಗಳಲ್ಲಿ ಶಿವಮೊಗ್ಗ ಸೀಮೆಯ ಅಂಟಿಕೆ-ಪಂಟಿಕೆಯವರು ದೇವರ ಸನ್ನಿಧಿಯಲ್ಲಿ ಹೊತ್ತಿಸಿದ ದೀಪವನ್ನು ಆರಗೊಡದೆ ಮನೆಯಿಂದ ಮನೆಗೆ ಕೊಂಡು ಹಾಡುತ್ತ ನಡೆಯುವರು. ಮನೆಯವರು ಎಣ್ಣೆಯೆರೆಯುವರು, ಹಾಡಿದವರು ಆ ಮನೆಯ ಮಕ್ಕಳನ್ನೂ ದನಕರುಗಳನ್ನೂ ಕಣಜವನ್ನೂ ಹರಸುವರು. ಋತುಸಂಹಾರದ ಸರ್ಗಾಂತ್ಯದ ಹರಕೆಗೂ ಇದಕ್ಕೂ ರೂಪದಲ್ಲಿ ಹೆಚ್ಚಿನ ಭೇದವಿಲ್ಲ. ಆದರೆ ಇಲ್ಲಿ ಊರಿನ ಪ್ರತಿ ಬಾಗಿಲೂ ಹರಕೆಗೆ ಅರ್ಹ. ಬಯಲುಸೀಮೆಯಲ್ಲಿ ಎಳ್ಳಮಾವಾಸ್ಯೆಯಂದು ನಿಂತ ಜೋಳದ ನಡುವೆ ಚರಗ ಚೆಲ್ಲುವವರು ಕೊಯ್ಲಿಗೆ ಮುನ್ನವೇ ಕೃತಜ್ಞತೆಯನ್ನು ಸಲ್ಲಿಸುತ್ತಾರೆ. ಧನುರ್ಮಾಸದ ನಸುಕಿನಲ್ಲಿ ಮೇಲುಕೋಟೆಯೇ ಮೊದಲಾದ ಶ್ರೀವೈಷ್ಣವ ಕ್ಷೇತ್ರಗಳಲ್ಲಿ ಕೇಳಿಬರುವ ಆಂಡಾಳಳ ಮೂವತ್ತು ಪಾಶುರಗಳಲ್ಲಿಯೂ ಚಳಿಯಲ್ಲೆದ್ದು ಮೀಯುವ ವ್ರತ ಮತ್ತು ಮಳೆ-ಬೆಳೆಗಳ ಪ್ರಾರ್ಥನೆ ಒಂದಾಗಿಯೇ ಇವೆ.

ಇವೆಲ್ಲಕ್ಕೂ ಶಿಖರಪ್ರಾಯವಾದುದು ಕೊಡಗಿನ ಪುತ್ತರಿ. ವೃಶ್ಚಿಕಮಾಸದ ಹುಣ್ಣಿಮೆಯ ಸುಮಾರಿಗೆ, ಕಕ್ಕಬ್ಬೆಯ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ನಿಶ್ಚಯಿಸಿದ ಮುಹೂರ್ತದಲ್ಲಿ, ಮನೆಯವರೆಲ್ಲ ದೀಪದೊಡನೆ ಗದ್ದೆಗಿಳಿದು, ಕೋವಿಯ ಸದ್ದಿನೊಡನೆ ಮೊದಲ ಕದಿರನ್ನು ಕೊಯ್ದು, ಸಮೃದ್ಧಿಯು ಹೆಚ್ಚಲೆಂದು ದೇವರನ್ನು ಕೂಗುತ್ತ ಮನೆಗೆ ತರುತ್ತಾರೆ. ಬಳಿಕ ದುಡಿ ಬಾರಿಸುವ ಹಾಡುಗಾರರು ಮನೆಮನೆಗೂ ಹೋಗಿ ಮನೆತನವನ್ನು ಹೊಗಳಿ ಹರಸುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು ಮುದುಕರ ಬಾಯಿಂದ ಈ ಹಾಡುಗಳನ್ನು ಕೇಳಿ ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯೆಂಬ ಹೆಸರಿನಿಂದ ಪ್ರಕಟಿಸದಿದ್ದರೆ ಇವುಗಳಲ್ಲಿ ಎಷ್ಟು ಉಳಿಯುತ್ತಿದ್ದವೋ ಹೇಳುವುದು ಕಷ್ಟ. ಹೊಸ ಧಾನ್ಯದಿಂದ ದೇವತೆಗಳನ್ನೂ ಪಿತೃಗಳನ್ನೂ ಅರ್ಚಿಸುವವರನ್ನು ಲಕ್ಷ್ಮಣನು ಸ್ಮರಿಸಿದನಷ್ಟೆ. ಪುತ್ತರಿಯ ರಾತ್ರಿ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಕಾರಣರನ್ನು, ಎಂದರೆ ಪೂರ್ವಿಕರನ್ನು, ನೆನೆದು ಹೊಸ ಅಕ್ಕಿಯನ್ನುಣ್ಣುವ ಕುಟುಂಬವು ಮಾಡುವುದು ಅದನ್ನೇ. ರಾಮಾಯಣವನ್ನು ನೋಡಿ ಕೊಡವರು ಇದನ್ನು ಕಲಿತರೆಂದು ಊಹಿಸಲು ಆಧಾರವಿಲ್ಲ, ಅಗತ್ಯವೂ ಇಲ್ಲ. ಬತ್ತವನ್ನು ಬೆಳೆದು ಚಳಿಯನ್ನು ಎದುರಿಸುವ ಜನರೆಲ್ಲರಿಗೂ ಸಹಜವಾಗಿದ್ದ ನಡೆಯನ್ನು ವಾಲ್ಮೀಕಿಯು ಕಂಡು ಹೇಳಿದನು, ಕೊಡವರು ತಮ್ಮ ಗದ್ದೆಯಲ್ಲಿ ತಾವೇ ಕಂಡುಕೊಂಡರು.