ಸರಕಿಗೆ ಸ್ವಾಗತ, ವರ್ತಕನಿಗೆ ತಡೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೇಸಿಗೆ ಬಂತೆಂದರೆ ಅಮೆರಿಕದ ನಗರವಾಸಿಗಳು ರೈಲು ಹತ್ತಿ ನ್ಯೂಜೆರ್ಸಿಯ ಕಡಲತೀರಕ್ಕೆ ಧಾವಿಸುತ್ತಿದ್ದರು. ಅಟ್ಲಾಂಟಿಕ್ ಸಿಟಿ, ಆಸ್ಬರಿ ಪಾರ್ಕ್ ಮುಂತಾದ ಊರುಗಳಲ್ಲಿ ಸಮುದ್ರದುದ್ದಕ್ಕೂ ಹಲಗೆ ಹಾಸಿದ ನಡಿಗೆದಾರಿಗಳು ಜನರಿಂದ ತುಂಬಿರುತ್ತಿದ್ದವು. ಆ ಜನಸಂದಣಿಯಲ್ಲಿ ಬಟ್ಟೆಯ ಗಂಟು ಹೊತ್ತು ಮಾರುತ್ತಿದ್ದವರ ನಡುವೆ ಬಂಗಾಳದ ಹೂಗ್ಲಿ ಜಿಲ್ಲೆಯ ಮುಸ್ಲಿಮರೂ ಇದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಇವರ ಪಯಣ 1880ರ ದಶಕದಲ್ಲೇ ಆರಂಭವಾಗಿತ್ತು. ಹಳ್ಳಿಯ ಮನೆಗಳಲ್ಲಿ ಹೆಣ್ಣುಮಕ್ಕಳು ಹಾಕಿದ ಚಿಕನ್ ಕಸೂತಿಯ ಕರವಸ್ತ್ರ, ದಿಂಬಿನ ಹೊದಿಕೆ, ಮೇಜುಬಟ್ಟೆಗಳೇ ಇವರ ಸರಕು. ಬೇಸಿಗೆಯಲ್ಲಿ ನ್ಯೂಜೆರ್ಸಿ, ಚಳಿಗಾಲದಲ್ಲಿ ಪ್ರವಾಸಿಗರು ಸೇರುವ ದಕ್ಷಿಣದ ನ್ಯೂ ಆರ್ಲಿಯನ್ಸ್. ಹೀಗೆ ಋತುವಿಗೆ ತಕ್ಕಂತೆ ವ್ಯಾಪಾರ ಸಾಗುತ್ತಿತ್ತು. ಒಂದೇ ಮನೆಯಲ್ಲಿ ಹಲವರು ಕೂಡಿ ಬಾಳಿ, ಗಳಿಕೆಯನ್ನು ಊರಿಗೆ ಕಳುಹಿಸುತ್ತಿದ್ದರು.

ಈ ಸರಕಿಗೆ ಬೇಡಿಕೆ ತಂದದ್ದು ಪೂರ್ವದೇಶಗಳ ಕುರಿತು ಅಂದಿನ ಅಮೆರಿಕಕ್ಕಿದ್ದ ಮೋಹ. ಸ್ಥಿತಿವಂತರು ಮನೆಯ ಒಂದು ಮೂಲೆಯನ್ನು ರತ್ನಗಂಬಳಿ, ದಿಂಬುಗಳಿಂದ ಸಿಂಗರಿಸಿ ‘ಟರ್ಕಿ ಮೂಲೆ’ ಎನ್ನುತ್ತಿದ್ದರು. 1913ರಲ್ಲಿ ಮಾರುಕಟ್ಟೆಗೆ ಬಂದ ಕ್ಯಾಮಲ್ ಸಿಗರೇಟಿನ ಪೊಟ್ಟಣದ ಮೇಲೆ ಒಂಟೆ, ಪಿರಮಿಡ್, ಖರ್ಜೂರದ ಮರಗಳಿದ್ದವು. 1921ರಲ್ಲಿ ತೆರೆಕಂಡ ‘ದಿ ಶೇಕ್’ ಚಲನಚಿತ್ರದಲ್ಲಿ ಅರಬ್ ನಾಯಕನಾಗಿ ನಟಿಸಿದ್ದು ಇಟಲಿಯಲ್ಲಿ ಜನಿಸಿದ ರುಡಾಲ್ಫ್ ವ್ಯಾಲೆಂಟಿನೊ. ಪ್ರೇಕ್ಷಕರು ಮುಗಿಬಿದ್ದು ನೋಡಿದರು. ಇದು ಕುರ್‌ಆನ್ ಕಲಿಸುವ ಪರಸ್ಪರ ಪರಿಚಯವಾಗಿರಲಿಲ್ಲ. ತಾವೇ ಕಟ್ಟಿಕೊಂಡ ಚಿತ್ರವನ್ನು ತಾವೇ ಮೆಚ್ಚಿಕೊಳ್ಳುವ ವಿನೋದವಾಗಿತ್ತು.

ಆ ಚಿತ್ರಕ್ಕೆ ಮರುಳಾದ ಸಮಾಜವೇ ಜೀವಂತ ಮನುಷ್ಯನಿಗೆ ಬಾಗಿಲು ಮುಚ್ಚಿತು. 1917ರ ವಲಸೆ ಕಾನೂನು ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದ ದುಡಿಯುವ ಜನರ ಪ್ರವೇಶವನ್ನು ನಿಷೇಧಿಸಿತು. ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ 1923ರಲ್ಲಿ ತೀರ್ಪಿತ್ತ ಅಲ್ಲಿನ ಸುಪ್ರೀಂ ಕೋರ್ಟ್, ಭಾರತೀಯರು ‘ಬಿಳಿಯರಲ್ಲ’, ಆದುದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಬಾಗಿಲು ತುಸು ತೆರೆದದ್ದು 1946ರಲ್ಲಿ. ಅದೂ ವರ್ಷಕ್ಕೆ ಕೇವಲ 100 ಭಾರತೀಯರಿಗೆ.

ಅಷ್ಟರಲ್ಲಿ ಹಲವರು ಅಲ್ಲೇ ನೆಲೆಯೂರಿದ್ದರು. ಮೈಬಣ್ಣದ ಆಧಾರದಲ್ಲಿ ರೈಲಿನ ಬೋಗಿಗಳನ್ನೂ ವಿಭಜಿಸಿದ್ದ ನ್ಯೂ ಆರ್ಲಿಯನ್ಸ್‌ನಲ್ಲಿ ಅವರಿಗೆ ನೆರೆಯೂ ನೆಂಟಸ್ತಿಕೆಯೂ ದೊರೆತದ್ದು ಕರಿಯ ಜನಾಂಗದ ಕುಟುಂಬಗಳಲ್ಲಿ. ಸ್ವತಃ ಅವಮಾನ ಉಂಡವರೇ ಅಪರಿಚಿತರಿಗೆ ಮನೆಯ ಬಾಗಿಲು ತೆರೆದರು. ಅವರ ಸಂತತಿ ಅಮೆರಿಕದ ಜನಜೀವನದಲ್ಲಿ ಬೆರೆತುಹೋಯಿತು.

ಈ ವರ್ತಕರು ರಾಜರಲ್ಲ, ವಿದ್ವಾಂಸರಲ್ಲ. ಅವರ ಹೆಸರಿನ ಸ್ಮಾರಕಗಳನ್ನು ಯಾರೂ ಕಟ್ಟಲಿಲ್ಲ. ಹಡಗಿನ ದಾಖಲೆಗಳಲ್ಲಿ, ಜನಗಣತಿಯ ಹಾಳೆಗಳಲ್ಲಿ, ವಿವಾಹದ ನೋಂದಣಿಗಳಲ್ಲಿ ಚದುರಿದ್ದ ಹೆಸರುಗಳನ್ನು ಒಂದುಗೂಡಿಸಿ ಇತಿಹಾಸಕಾರರು ಈ ಕಥನವನ್ನು ಮರಳಿ ಪಡೆದಿದ್ದಾರೆ. ಮಕ್ಕಳಿಗೆ ಇತಿಹಾಸ ಹೇಳುವಾಗ ಸುಲ್ತಾನರ ಜೊತೆಗೆ ಇವರಿಗೂ ಸ್ಥಳವಿರಲಿ. ಒಂದು ಜನಾಂಗದ ಊಟ, ಉಡುಪು, ಕಲೆಗಳನ್ನು ಮೆಚ್ಚುವುದು ಸುಲಭ. ಆ ಜನಾಂಗದ ಮನುಷ್ಯ ನೆರೆಯವನಾಗಿ ಬಂದಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದರಲ್ಲೇ ನಮ್ಮ ನ್ಯಾಯಪ್ರಜ್ಞೆಯ ಪರೀಕ್ಷೆಯಿದೆ.